ಹತ್ತಿ ಸಿಕ್ಕಿಕೊಂಡ ಉಂಗುರ

ಅಪ್ಪಾ,

ಊಟ ಮುಚ್ಚಿಟ್ಟಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣು. ಅಂಟಿನ ಡಬ್ಬಿಯನ್ನು ಮತ್ತೆ ಊಟದ ಮೇಜಿನ ಮೇಲೆ ಬಿಚ್ಚಿದರೆ ನೋಡು!

ಮೊಮ್ಮಗಳ ಗಾಳದ ಕೋಲಿಗೆ ನಿನ್ನ ಹಳೆಯ ಕೋಲಿನ, ದಾರ ಸಾಗುವ ಉಂಗುರಗಳನ್ನೇ ಕಟ್ಟುತ್ತೇನೆಂದು ಹಟ ಹಿಡಿದಿದ್ದೀಯಲ್ಲ, ಬೆಳಿಗ್ಗೆ ಆ ಎಂಟೂ ಉಂಗುರಗಳೊಳಗೆ ನೀನು ಕಲಿಸಿದ ಹಾಗೆ ಹತ್ತಿ ಎಳೆದು ನೋಡಿದೆ. ಏಳರಲ್ಲಿ ಸಲೀಸಾಗಿ ಜಾರಿತು. ಒಂದರ ಬಿರುಕಿಗೆ ಎಳೆ ಸಿಕ್ಕಿಕೊಂಡಿತು. ಅದನ್ನು ಬೇರೆ ಇಟ್ಟಿದ್ದೇನೆ. ಅದರ ಬದಲು ಅಷ್ಟೇ ಸಣ್ಣ ಹೊಸದೊಂದು ಪೊಟ್ಟಣದಲ್ಲಿದೆ. ದೊಡ್ಡದು ಬೇಡ, ತುದಿ ಭಾರವಾದರೆ ಅವಳ ಕೈಗೆ ಬೀಸಲು ಬರುವುದಿಲ್ಲ.

ಬಿರುಕು ಯಾವುದರಲ್ಲಿದೆಯೆಂದು ನನಗೆ ಹತ್ತಿ ಹೇಳಬೇಕಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಹೆಂಚಿನ ಮೇಲೆ ಬಿದ್ದ ಚೆಂಡನ್ನು ನಿನ್ನ ಕೋಲಿನಿಂದ ಕೆಳಗಿಳಿಸಿದ್ದೆ. ಉಂಗುರವೊಂದು ಹೆಂಚಿಗೆ ಬಡಿದು ಟಕ್ ಎಂದಿತು. ಒರೆಸಿ ಬಾಗಿಲ ಹಿಂದೆ ಇಟ್ಟೆ, ಬಾಯಿ ಬಿಡಲಿಲ್ಲ. ಮರುದಿನವೇ ಆ ದೊಡ್ಡ ಮೀನು ದಡದವರೆಗೂ ಬಂದು ದಾರ ಕಿತ್ತುಕೊಂಡು ಹೋಯಿತು.

“ನನ್ನ ಗಂಟೇ ಸರಿಯಾಗಿ ಬೀಳ್ಲಿಲ್ಲ ಕಣೇ,” ಅಂದೆ ನೀನು, ಒದ್ದೆ ಕೈಯನ್ನೇ ನೋಡಿಕೊಳ್ಳುತ್ತಾ. ನಾನು ನಿನ್ನ ಕೋಟು ಹೊದ್ದು ಪಕ್ಕದಲ್ಲೇ ಕೂತು ತಲೆಯಾಡಿಸಿದೆ. ಅಂದಿನಿಂದ ಗಂಟು ಹಾಕುವ ಹೊತ್ತಿಗೆ ನೀನು ದಾರವನ್ನು ಚಿಕ್ಕಪ್ಪನ ಕೈಗೆ ಕೊಡುತ್ತಾ ಬಂದೆ.

ನಿನ್ನ ಗಂಟು ಸರಿಯಾಗಿಯೇ ಇತ್ತು ಅಪ್ಪಾ. ದಾರವನ್ನು ಸವೆಸಿದ್ದು ನಾನು ಒಡೆದ ಉಂಗುರ. ಬೈಯುವುದಿದ್ದರೆ ಸಂಜೆ ಬಂದ ಮೇಲೆ ಬೈಯಿ.

ಚಿಕ್ಕಪ್ಪನಿಗೆ ಫೋನ್ ಮಾಡಬೇಡ. ಮೊಮ್ಮಗಳಿಗೆ ಗಂಟು ನೀನೇ ಹಾಕಿಕೊಡು.