ಓಡಿದ ಮೇಲಿನ ಕೆಮ್ಮು

ಮಗನೇ,

ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣು. ಹಾಲು ಕಾಯಿಸಿಲ್ಲ, ಮರೆತು ಕೆಡಿಸಬೇಡ.

ನಿನ್ನ ಮಗಳನ್ನು ನಿನ್ನೆ ಡಾಕ್ಟರಿಗೆ ತೋರಿಸಿದೆ. ನೀನು ಮನೆಯಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಉಸಿರಿನ ಬಲ ಅಳೆಯುವ ನಿನ್ನ ಊದುಕೊಳವೆ ಊದಿಸಿ, "ಇವಳಿಗೆಲ್ಲಿ ಅಸ್ತಮಾ, ಬರೀ ನಾಟಕ" ಅಂದಿದ್ದೆ. ಡಾಕ್ಟರು ಮೊದಲು ಓಡಿಸಿ, ಆಮೇಲೆ ಊದಿಸಿದರು. ಮಗುವಿಗೆ ಊದಲು ಉಸಿರೇ ಸಾಲಲಿಲ್ಲ. ಅಸ್ತಮಾ ಇಲ್ಲದ ಕೆಲವರಿಗೂ ಓಡಿದ ಮೇಲೆ ಉಸಿರಿನ ದಾರಿ ಬಿಗಿಯುತ್ತದಂತೆ. ಓಟಕ್ಕೆ ಮುಂಚೆ ಎಳೆದುಕೊಳ್ಳಲು ಔಷಧಿ ಕೊಟ್ಟಿದ್ದಾರೆ. ಓಡುವುದು ಬಿಡಬೇಕಾಗಿಲ್ಲ.

ಚಿಕ್ಕವನಿದ್ದಾಗ ನಿನಗೆ ಉಬ್ಬಸ ಬಂದರೆ ಎದೆಗೊರಗಿಸಿಕೊಂಡು ಕೂರುತ್ತಿದ್ದೆ. ಒಂದು ದಿನವೂ ನಾಟಕ ಅನ್ನಲಿಲ್ಲ. ನೀನೋ, ಓಟ ಕಲಿಸುವ ಮಾಸ್ತರ. ಅವಳು ಕೆಮ್ಮಿದರೆ ಎಲ್ಲ ಹುಡುಗಿಯರ ಮುಂದೆ ಸೀಟಿ ಊದಿ "ಸೋಮಾರಿ, ಇನ್ನೊಂದು ಸುತ್ತು ಹೊಡಿ" ಅನ್ನುತ್ತೀಯ. ಅವಳೀಗ ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮುತ್ತಾಳೆ, ನಿನಗೆ ಕೇಳಿಸದಿರಲಿ ಅಂತ.

ಇವತ್ತು ಅವಳ ಜೊತೆ ನಾನೂ ಮೈದಾನಕ್ಕೆ ಹೊರಟಿದ್ದೇನೆ. ಬರುವುದಾದರೆ ಬಂದು ನನ್ನ ಪಕ್ಕ ಬಾಯಿ ಮುಚ್ಚಿಕೊಂಡು ಕೂತುಕೋ. ನಿನ್ನ ಸೀಟಿ ಎಲ್ಲಿ ಅಂತ ಮನೆಯೆಲ್ಲ ತಡಕಾಡಬೇಡ. ಅದು ನನ್ನ ಚೀಲದಲ್ಲಿದೆ.

ಅಮ್ಮ