ರಾಣಿಯ ಬೆರಳು, ಹಾಸನದ ಡಾಕ್ಟರು

ಅರಸೀಕೆರೆ
೧೧-೯-೨೦೦೫, ಭಾನುವಾರ

ಪ್ರೀತಿಯ ಅಪ್ಪಾಜಿ,

ನಿಮ್ಮ ಬಾಯಿಬಡುಕಿ ಮಗಳ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಊರಿನವರ ಉಳುಕನ್ನೆಲ್ಲ ನೀವಿ ತೆಗೆಯುವ ನೀವು ನಿಮ್ಮ ಕಾಲಿಗೆ ಮಾತ್ರ ಎಣ್ಣೆ ಮುಟ್ಟಿಸುವುದಿಲ್ಲ, ನನಗೆ ಗೊತ್ತಿಲ್ಲವೇ? ನನ್ನ ಮೇಲೆ ಮುನಿಸಿಕೊಂಡು ಗೆಂಡೆಹಳ್ಳಿಗೆ, ಅಕ್ಕನ ಮನೆಗೆ ಹೋಗಿ ಇಪ್ಪತ್ತು ದಿನವಾಯಿತು. ಅಲ್ಲಿನ ಮುದ್ದೆ ಅಷ್ಟೊಂದು ರುಚಿಯೇ?

"ಕಂಪ್ಯೂಟರ್‌ಗೆ ಕಾಲು ತೋರ್ಸಿದ್ರೆ ನೋವು ಹೋಯ್ತದೇನವ್ವ?" ಎಂದು ಬೈದು ಬಸ್ಸು ಹತ್ತಿದಿರಲ್ಲ, ಈಗ ಕೇಳಿ. ಕಾಲೇಜಿನಲ್ಲಿ ಆಟಗಾರರ ಪೆಟ್ಟು ನೋಡಿಕೊಳ್ಳಲು ಕಲಿಯುವ ನನ್ನ ಹನ್ನೊಂದು ವಿದ್ಯಾರ್ಥಿಗಳು ಆ ಪೆಟ್ಟನ್ನು ಕ್ಯಾಮೆರಾದಲ್ಲಿ ಹಾಸನದ ಡಾಕ್ಟರಿಗೆ ತೋರಿಸಿ, ವಿವರ ಹೇಳಿ, ಅವರು ಹೇಳಿದಂತೆ ಮಾಡಬೇಕು. ಇದೇ ನನ್ನ ಹೊಸ ಪಾಠ. ಬುಧವಾರ ಆಟಗಾರ ಸುನಿಲನ ಕಾಲು ಉಳುಕಿತ್ತು. ರಾಣಿ ಎಂಬ ಹುಡುಗಿ ಮರುಕದಿಂದ ದಪ್ಪಗೆ ಅರಿಶಿನದ ಪಟ್ಟು ಹಾಕಿ ಅವನನ್ನು ಕ್ಯಾಮೆರಾ ಮುಂದೆ ಕೂರಿಸಿಬಿಟ್ಟಳು! "ಅರಿಶಿನ ಕಾಣ್ತಿದೆ ಮೇಡಂ, ಊತ ಎಲ್ಲಿ?" ಎಂದರು ಡಾಕ್ಟರು. ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ನಗಲಿಲ್ಲ. ಶನಿವಾರ ಇನ್ನೊಮ್ಮೆ ನೋಡುತ್ತೇನೆ, ಆಗಲೂ ಹೀಗೇ ಆದರೆ ಪಾಠ ಬಂದ್ ಎಂದುಬಿಟ್ಟರು. ಮನೆಗೆ ಬಂದು ಅತ್ತುಬಿಟ್ಟೆ ಅಪ್ಪಾಜಿ.

ನಿನ್ನೆ ಪ್ರಿನ್ಸಿಪಾಲರ ಮುಂದೆ ಸುಳ್ಳು ಪೆಟ್ಟಿನ ಪರೀಕ್ಷೆಗೆ ನಾವು ಸಿದ್ಧವಾಗಿದ್ದರೆ, ಕಬಡ್ಡಿ ಅಂಕಣದಲ್ಲಿ ಆಟಗಾರ್ತಿ ಮಂಜುಶ್ರೀ ನಿಜವಾಗಿಯೇ ಬಿದ್ದಳು. ಆಟ ನೋಡಲು ಹಾರನಹಳ್ಳಿಯಿಂದ ಬಂದಿದ್ದ ಅವಳ ಸೋದರಮಾವ ಓಡಿಬಂದು ಕಾಲು ಹಿಡಿದರು. "ಒಂದ್ಸಲ ಎಳುದ್ರೆ ಸರಿಹೋಯ್ತದೆ, ಬಿಡ್ರವ್ವ!" ಅದೇ ರಾಣಿ ಅಡ್ಡ ನಿಂತಳು. "ಮಾವ, ಕೈ ಮುಗೀತೀನಿ, ಎಳೀಬ್ಯಾಡಿ. ಡಾಕ್ಟ್ರು ನೋಡ್ಲಿ." ಕಾಲಿಗೆ ಮರದ ಪಟ್ಟಿಯ ಆಸರೆ ಕೊಟ್ಟು, ಬೆಂಚಿನ ಮೇಲೆ ಮಲಗಿಸಿ ಕಂಪ್ಯೂಟರ್ ಕೋಣೆಗೆ ಹೊತ್ತೊಯ್ದರೆ, ಹಾಳಾದ್ದು, ಚಿತ್ರ ನಿಂತೇ ಹೋಯಿತು! ಬರೀ ದನಿ. "ನನ್ನ ಬದಲು ನೀವೇ ಮುಟ್ಟಿ ಹೇಳಿ" ಎಂದರು ಡಾಕ್ಟರು. ರಾಣಿ ಕಾಲನ್ನು ನೋಡಲಿಲ್ಲ. ಮಂಜುಶ್ರೀಯ ಮುಖವನ್ನೇ ನೋಡುತ್ತ ಮೂಳೆಯ ಉದ್ದಕ್ಕೂ ಬೆರಳಿಳಿಸಿದಳು. "ಸಾರ್, ಹೊರಗಡೆ, ಪಾದದ ಗಂಟಿಂದ ನಾಲ್ಕು ಬೆರಳು ಮೇಲೆ. ಇಲ್ಲಿ ಮುಟ್ಟಿದ್ರೆ ಮಾತ್ರ ಮುಖ ಕಿವುಚ್ತಾಳೆ. ಕಾಲ್ಬೆರಳು ಬೆಚ್ಚಗಿದೆ, ಆಡಿಸ್ತಾಳೆ." ಎಳೆಯಬೇಡಿ, ಹಾಗೇ ಕಟ್ಟಿ ಎಕ್ಸ್‌ರೇಗೆ ಕಳಿಸಿ ಎಂದರು ಡಾಕ್ಟರು.

ಬಿರುಕು ಅಲ್ಲೇ ಇತ್ತು ಅಪ್ಪಾಜಿ, ನಾಲ್ಕು ಬೆರಳು ಮೇಲೆ! ಎಳೆದಿದ್ದರೆ ಮುರಿದೇ ಹೋಗುತ್ತಿತ್ತಂತೆ. ಈ ವರ್ಷವೇ ಹುಡುಗಿ ಮತ್ತೆ ಆಡುತ್ತಾಳೆ. ಪಾಠ ಮುಂದುವರಿಸಿ ಎಂದು ಪ್ರಿನ್ಸಿಪಾಲರು ಎಲ್ಲರೆದುರೇ ಹೇಳಿದರು. ಮಕ್ಕಳ ಕೂಗಿಗೆ ಕಾಲೇಜಿನ ಹಂಚು ಹಾರುವುದೊಂದು ಬಾಕಿ. ಗೆದ್ದುಬಿಟ್ಟೆವು!

ಅಕ್ಕ ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿಮ್ಮ ಪಾದಕ್ಕೆ ನನ್ನ ಹಣೆ.

ನಿಮ್ಮ
ದ್ರಾಕ್ಷಾಯಣಿ

ಮರೆತಿದ್ದೆ: ಮುಖ ನೋಡುತ್ತ ಮುಟ್ಟುವುದನ್ನು ಯಾರು ಕಲಿಸಿದರು ಎಂದು ಡಾಕ್ಟರು ಕೇಳಿದರು. ನಾನು ಕಲಿಸಿದ್ದು, ನನಗೆ ನಮ್ಮ ತಂದೆ ರೇವಣಸಿದ್ದಪ್ಪನವರು ಕಲಿಸಿದ್ದು ಎಂದೆ. ಹಾಗಾದರೆ ಅವರನ್ನೇ ಕರೆಸಿ ಎಂದರು. ಪ್ರತಿ ಸೋಮವಾರದ ಮೊದಲ ಪೀರಿಯಡ್‌ಗೆ ನಿಮ್ಮ ಹೆಸರು ಬರೆದು, ಪ್ರಿನ್ಸಿಪಾಲರ ರುಜುವೂ ಆಗಿದೆ. ನಿಮ್ಮ ಕಾಲ ಮುಗಿಯಿತು ಎಂದು ಅವತ್ತು ನಾನು ಆಡಿದ್ದು ದೊಡ್ಡ ತಪ್ಪು. ಬನ್ನಿ ಅಪ್ಪಾಜಿ, ಹನ್ನೊಂದು ಮಕ್ಕಳು ಕಾಯುತ್ತಿದ್ದಾರೆ.