ನಾನು ಬರೆಯದ ಹಂತಗಳು

ಮಣಿಪಾಲ
12-4-2003

ಸುಭಾಷಿಣಿ ಮೇಡಂ ಅವರಿಗೆ ನಮಸ್ಕಾರ.

ನಿನ್ನೆ ಅಪ್ಪ ಗಾರೆ ಕೆಲಸ ಬಿಟ್ಟು ಕಾಲೇಜಿಗೆ ಬಂದು, "ನನ್ನ ಮಗನ್ನ ಫೇಲ್ ಮಾಡಿ ನಿಮಗೇನ್ ಸಿಕ್ತ್ರಿ?" ಎಂದು ಎಲ್ಲರೆದುರು ನಿಮ್ಮನ್ನು ಕೇಳಿದರಂತೆ. ನೀವು ಸುಮ್ಮನೆ ನಿಂತಿದ್ದಿರಂತೆ. ಊಟದ ಹೊತ್ತಿಗೆ ಅವರೇ ಹೇಳಿದರು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಗಣಿತದಲ್ಲಿ ನೀವು ನನ್ನನ್ನು ಪಾಸು ಮಾಡಿದ್ದಿರಿ. ತ್ರಿಕೋನಮಿತಿಯ ಲೆಕ್ಕದಲ್ಲಿ ನಾನು ಬರೆಯದ ಹಂತಗಳಿಗೂ ಅಂಕ ಬಿದ್ದಿತ್ತು. ಅದನ್ನು ಕಳೆಯಿರಿ ಎಂದು ಹಠ ಹಿಡಿದವನು ನಾನೇ. "ನಿನ್ನಿಂದ ಆಗ್ತದೆ ಮಾರಾಯ, ಇಟ್ಟುಕೋ" ಎಂದಿರಿ. ನಾನು ಕೇಳಲಿಲ್ಲ; ಕೊನೆಗೆ ನೀವು ಆ ಅಂಕ ಕಳೆದಿರಿ. ಕಾಲೇಜೂ ಬಿಟ್ಟೆ. ಮನೆಯಲ್ಲಿ ಮಾತ್ರ ಫೇಲಾದೆ ಎಂದಷ್ಟೇ ಹೇಳಿದೆ.

ಭಾನುವಾರ ಅಪ್ಪನನ್ನು ನಿಮ್ಮ ಮನೆಗೆ ಕರೆತರುತ್ತೇನೆ. ನಿಮ್ಮೆದುರೇ ಎಲ್ಲ ಹೇಳುತ್ತೇನೆ. ಅರ್ಧಕ್ಕೆ ತಡವರಿಸಿದರೆ ದಯವಿಟ್ಟು ನೀವು ಪೂರ್ತಿ ಮಾಡಬೇಡಿ.

ನಿಮ್ಮ ತರಗತಿಯಲ್ಲಿದ್ದ
ಬೀರಪ್ಪ